ಯಾರ ಕೈ?

ಕಾಗದದ ಕಾರ್ಖಾನೆಯ ಮೇಲ್ವಿಚಾರಕರಿಗೆ ಇಂಗ್ಲಿಷ್ ಕಲಿಸಲು ಟೀಚರಮ್ಮ ಒಪ್ಪಿಕೊಂಡ ದಿನ ಅವಳ ತಂಗಿಯ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

“ಅಕ್ಕಾ, ಅವರಿಗೆ ನಮ್ಮ ಮಾತಲ್ಲೇ ಬೈಗುಳ ಬಿಟ್ರೆ ಬೇರೇನೂ ಬರಲ್ಲ. ನೀವು ಇಂಗ್ಲಿಷ್ ಬೇರೆ ಕಲಿಸಿದ್ರೆ ಇನ್ಮೇಲೆ ನಾವು ಎರಡೆರಡು ಭಾಷೇಲಿ ಬೈಸ್ಕೋಬೇಕಲ್ಲ!”

ಅವನು ಅದೇ ಕಾರ್ಖಾನೆಯ ತೊಟ್ಟಿ ವಿಭಾಗದಲ್ಲಿ ಕೆಲಸಕ್ಕಿದ್ದ. ಸಣ್ಣ ಆಳು, ಹೆಗಲು ಎಂಬುದು ಹೆಸರಿಗೆ ಮಾತ್ರ. ಹೆತ್ತವರು ಇಟ್ಟ ಹೆಸರು ಎಲ್ಲೋ ಬಿದ್ದುಹೋಗಿ ಗುಬ್ಬಿ ಎಂಬುದೇ ಉಳಿದಿತ್ತು. ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರೂ ಹಾಗೇ ಕರೆಯುತ್ತಿದ್ದರು. ಆ ಕಾರ್ಖಾನೆಯಲ್ಲಿ ರದ್ದಿ ಕಾಗದವನ್ನು ನೆನೆಸಿ, ಅರೆದು, ಗಂಜಿಯ ಹಾಗೆ ಮಾಡಿ ನೆಲದಡಿಯ ತೊಟ್ಟಿಗಳಲ್ಲಿ ತುಂಬಿಡುತ್ತಾರೆ. ಯಂತ್ರ ನಿಂತಾಗ ಆ ಗಂಜಿ ಕೊಳೆಯುತ್ತದೆ. ಕೊಳೆತದ್ದನ್ನು ಯಾರಾದರೂ ಒಳಗಿಳಿದು ಬಳಿದು ತೆಗೆಯಬೇಕು. ತೊಟ್ಟಿಯ ಬಾಯಿಯೋ ಇಕ್ಕಟ್ಟು; ಚೆನ್ನಾಗಿ ಉಂಡು ಬೆಳೆದ ಮೈಯವರು ಸೊಂಟದ ತನಕ ಇಳಿದು ಸಿಕ್ಕಿಕೊಳ್ಳುತ್ತಾರೆ. ಹಾಗಾಗಿ ಆ ಕೆಲಸಕ್ಕೆ ಸರದಿ ಎಂಬುದೇ ಇರಲಿಲ್ಲ. ಗುಬ್ಬಿ ಇದ್ದ, ಅಷ್ಟೆ.

ಕಾರ್ಖಾನೆಯನ್ನು ಹೊಸದಾಗಿ ಕೊಂಡ ಯಜಮಾನರು ದೂರದವರು. ಅವರಿಗೆ ದಿನದಿನದ ವರದಿ ಇಂಗ್ಲಿಷಿನಲ್ಲೇ ಬೇಕು. ಅದಕ್ಕೊಂದು ಪರೀಕ್ಷೆ ಬೇರೆ, ಪಾಸಾಗದ ಮೇಲ್ವಿಚಾರಕ ಕೆಳಗಿನ ಕೆಲಸಕ್ಕೆ ಇಳಿಯಬೇಕು. ಉಗ್ರಾಣದ ಮೇಲಿನ ಕೋಣೆಯಲ್ಲಿ, ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ತರಗತಿ. ಒದ್ದೆ ಕಾಗದದ ಹುಳಿ ವಾಸನೆ ನೆಲದ ಹಲಗೆಗಳ ಸಂದಿಯಿಂದ ಮೇಲೇರಿ ಬರುತ್ತಿತ್ತು. ಪಠ್ಯಪುಸ್ತಕಕ್ಕೇನೂ ಕೊರತೆಯಿರಲಿಲ್ಲ. ಅರೆಯಲು ಬಂದ ರದ್ದಿಯಲ್ಲಿ ಹಳೆಯ ವ್ಯಾಕರಣದ ಪುಸ್ತಕಗಳು ಬೇಕಾದಷ್ಟು ಸಿಗುತ್ತಿದ್ದವು. ತಾನು ಕಲಿಸುವುದೆಲ್ಲ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ಟೀಚರಮ್ಮನಿಗೆ ಹೀಗೆ ಮೊದಲೇ ಗೊತ್ತಾಗಿತ್ತು.

ಕಾಲಗಳ ಪಾಠ ಹೇಗೋ ದಡ ಮುಟ್ಟಿತು. ಎಲ್ಲರೂ ಮುಗ್ಗರಿಸಿದ್ದು ಮಾಡಿಸುವ ಕ್ರಿಯಾಪದದಲ್ಲಿ. ನಮ್ಮ ಮಾತಿನಲ್ಲಾದರೆ ಬಾಲಕ್ಕೊಂದು ‘ಇಸು’ ಅಂಟಿಸಿದರೆ ಕೆಲಸ ಮುಗಿಯಿತು: ತೊಳೆದೆ, ತೊಳೆಸಿದೆ. ಇಂಗ್ಲಿಷಿನವರು ಇಷ್ಟಕ್ಕೇ ಕರ್ತೃವನ್ನು ಒಂದು ಕಡೆ, ವಸ್ತುವನ್ನು ಇನ್ನೊಂದು ಕಡೆ, ಕೆಲಸವನ್ನು ಕೊನೆಯಲ್ಲಿ ಕೂರಿಸಿ ದೊಡ್ಡ ಸಂಸಾರವನ್ನೇ ಹೂಡುತ್ತಾರೆ. ‘ಐ ಹ್ಯಾಡ್ ದ ಫ್ಲೋರ್ ಕ್ಲೀನ್ಡ್’ ಎನ್ನುವ ಬದಲು ಬಾಯ್ಲರಿನ ಮೇಲ್ವಿಚಾರಕ, ಬಿಳಿ ಮೀಸೆಯ ಭಾರಿ ಮನುಷ್ಯ, ‘ಐ ಕ್ಲೀನ್ಡ್ ದ ಫ್ಲೋರ್’ ಎಂದುಬಿಟ್ಟ.

“ಸುಳ್ಳು ಹೇಳ್ಬೇಡಿ,” ಎಂದಳು ಟೀಚರಮ್ಮ. “ಹುಟ್ಟಿದಾಗಿನಿಂದ ಒಂದು ದಿನ ಪೊರಕೆ ಹಿಡಿದಿದೀರಾ? ನೀವೆಲ್ಲ ಮಾಡೋರಲ್ಲ, ಮಾಡಿಸೋರು. ಈ ವಾಕ್ಯ ಹುಟ್ಟಿರೋದೇ ನಿಮಗೋಸ್ಕರ.”

ಗಂಡಸರು ಹಲ್ಲು ಕಿರಿದರು. ಅವರಿಗೆ ಅಭ್ಯಾಸವಾಗಲೆಂದು ಅವಳು ಅವತ್ತೇ ಒಂದು ಆಟ ಕಟ್ಟಿದಳು. ಒಬ್ಬರು ಎದ್ದು ನಿಂತು ತಾವು ಮಾಡಿಸಿದ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಅದು ನಿಜವಾಗಿ ನಡೆದ ಕೆಲಸವೇ ಆಗಿರಬೇಕು. ಟೀಚರಮ್ಮ ಮೇಜು ಕುಟ್ಟಿ “ಯಾರ ಕೈ?” ಎನ್ನುತ್ತಾಳೆ. ಕೆಲಸ ಮಾಡಿದವನ ಹೆಸರನ್ನು ಉಳಿದವರು ಕೂಗಬೇಕು. ಮೊದಲು ಕೂಗಿದವರು ಆ ದಿನ ಪಾಠ ಒಪ್ಪಿಸಬೇಕಾಗಿಲ್ಲ. ವಾಕ್ಯದಲ್ಲಿ ಕೆಲಸ ಮಾಡಿದವನಿಗೆ ಜಾಗವಿಲ್ಲ, ಹಾಗೆಂದು ಅವನು ಇರಲೇ ಇಲ್ಲ ಎಂದಾಗಬಾರದು ಎಂಬುದು ಅವಳ ಹಟ. ಗಂಡಸರಿಗೆ ಆ ಹಟ ಗಿಟ ಏನೂ ಬೇಕಿರಲಿಲ್ಲ, ಕೂಗುವುದು ಮಾತ್ರ ಬಹಳ ಹಿಡಿಸಿತು. ನರೆತ ತಲೆಯವರೆಲ್ಲ ಬೆಂಚಿನಿಂದ ಅರ್ಧ ಎದ್ದು ಗಂಟಲು ಹರಿದುಕೊಳ್ಳುತ್ತಿದ್ದರು.

ಇದನ್ನು ಕೇಳಿ ಗುಬ್ಬಿಗೆ ಎಲ್ಲಿಲ್ಲದ ಖುಷಿ. ಟೀಚರಮ್ಮ ತಂಗಿಯ ಮನೆಗೆ ಹೋದಾಗಲೆಲ್ಲ ಬಾಗಿಲಲ್ಲೇ ಕೇಳುತ್ತಿದ್ದ, “ಅಕ್ಕಾ, ಇವತ್ತು ಇಂಗ್ಲಿಷ್‌ನಲ್ಲಿ ನನ್ನ ಹೆಸರು ಬಂತಾ?”

ಬರದೇ ಇರುವ ದಿನ ಕಡಿಮೆ.

ಅವನು ಸತ್ತದ್ದು ಯಂತ್ರವನ್ನು ರಿಪೇರಿಗೆಂದು ನಿಲ್ಲಿಸಿದ್ದ ವಾರದಲ್ಲಿ. ಕೊಳೆತ ಗಂಜಿಯಿಂದ ಎದ್ದ ವಿಷದ ಗಾಳಿ ತೊಟ್ಟಿಯ ತುಂಬ ಕೂತಿತ್ತು. ಮುಚ್ಚಳ ತೆಗೆದು, ಬ್ಲೋವರ್ ಇಟ್ಟು, ಒಂದು ಗಂಟೆ ಗಾಳಿ ಊದಿಸಿದ ಮೇಲೆಯೇ ಇಳಿಯಬೇಕೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು, ಗುಬ್ಬಿಗಂತೂ ಬಾಯಿಪಾಠ. ಊಟದ ಹೊತ್ತು ಮುಗಿಸಿ ಬಂದವರು ನೋಡಿದಾಗ ಬ್ಲೋವರ್ ಗೋಡೆಯ ಪಕ್ಕದಲ್ಲಿ ಇದ್ದಲ್ಲೇ ಇತ್ತು. ಅವನು ಕೆಳಗಿದ್ದ.

ಯಾರೂ ಹೇಳಿರಲಿಲ್ಲ, ತಾನಾಗಿಯೇ ಇಳಿದ ಎಂದಿತು ಕಾರ್ಖಾನೆ. ಮ್ಯಾನೇಜರ್ ಹಾಗೆಂದ. ತೊಟ್ಟಿ ವಿಭಾಗದ ಮೇಲ್ವಿಚಾರಕನೂ ಹಾಗೆಂದ. ಇವನನ್ನು ಕಾರ್ಮಿಕರು ಬೆನ್ನ ಹಿಂದೆ ಅರ್ಜೆಂಟಣ್ಣ ಎನ್ನುತ್ತಿದ್ದರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ, ಎಲ್ಲ ಕೆಲಸವೂ ನಿನ್ನೆಯೇ ಆಗಬೇಕಿತ್ತು ಎನ್ನುವ ಮುಖದ ಮನುಷ್ಯ. ಸಾವಿನ ಮನೆಗೂ ಓಡುತ್ತ ಬಂದು ಓಡುತ್ತ ಹೋಗಿದ್ದ.

ಬೇರೆಯವರಾಗಿದ್ದರೆ ಕಾರ್ಖಾನೆಯ ಆ ಮಾತನ್ನು ಕೇಳಿ ಕಿಡಿಕಾರುತ್ತಿದ್ದರು. ತಂಗಿ ಅದನ್ನು ನಂಬಿದಳು. ನಂಬಿ, ಎದೆಯೊಳಗೆ ಇಟ್ಟುಕೊಂಡಳು. ಅವಳು ಆ ಮನೆ ಬಿಟ್ಟು ಬರಲು ಒಪ್ಪದ್ದರಿಂದ ಟೀಚರಮ್ಮನೇ ಬಟ್ಟೆ ಕಟ್ಟಿಕೊಂಡು ಅಲ್ಲಿಗೆ ಹೋಗಿ ಉಳಿದಿದ್ದಳು. ತಂಗಿ ತಟ್ಟೆಯೆದುರು ಕೂರಿಸಿದರೆ ಕೂರುತ್ತಿದ್ದಳು, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಏನಾಯ್ತೆಂದು ಕೇಳಿ ಕೇಳಿ ಸಾಕಾದ ಮೇಲೆ ಒಂದು ಬೆಳಿಗ್ಗೆ, ತಲೆ ಬಾಚಿಸಿಕೊಳ್ಳುತ್ತ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

“ಅವತ್ತು ಜಗಳ ಆಡಿದ್ದೆ ಅಕ್ಕಾ. ಒಗೆದ ಹಾಸಿಗೆ ಬಟ್ಟೆ ಆಗ ತಾನೆ ಹಾಸಿದ್ದೆ. ಆ ಕೆಲಸದ ಪ್ಯಾಂಟ್‌ನಲ್ಲೇ ಅದರ ಮೇಲೆ ಕೂತು ಬೂಟು ಕಟ್ಕೋತಿದ್ರು. ನನಗೆ ಮೈಯೆಲ್ಲ ಉರಿದುಹೋಯ್ತು. ಮನೆ ತುಂಬ ಅದೇ ನಾತ, ನಿಮಗೆ ಮನೆ ಯಾಕೆ, ಹೋಗಿ ಆ ತೊಟ್ಟೀಲೇ ಬಿದ್ಕೊಳ್ಳಿ ಅಂದೆ.”

ಟೀಚರಮ್ಮನ ಕೈಯಲ್ಲಿ ಬಾಚಣಿಗೆ ನಿಂತಿತು.

“ಆ ಗಾಳಿ ವಿಷ ಅಂತ ಅವರಿಗೆ ಗೊತ್ತಿತ್ತು. ನನಗೇ ಎಷ್ಟೋ ಸಲ ಹೇಳಿದ್ರು. ಗೊತ್ತಿದ್ದೂ ಯಾರೂ ಹೇಳದೆ ಯಾಕೆ ಇಳೀತಾರೆ? ಯಾರೂ ಹೇಳಿರಲಿಲ್ಲ ಅಂತಾರಲ್ಲ, ಸುಳ್ಳು. ನಾನು ಹೇಳಿದ್ದೆ.”

“ಹುಚ್ಚಿ! ಗಂಡ ಹೆಂಡತಿ ಅಂದ್ಮೇಲೆ ಅಷ್ಟು ಮಾತು ಬರಲ್ವೇನೇ? ಅವನು ನಗ್ತಾ ಹೋಗಿರ್ತಾನೆ.”

“ನಗಲಿಲ್ಲ. ಏನೂ ಮಾತಾಡದೆ ಹೋದ್ರು.”

ಟೀಚರಮ್ಮ ಮತ್ತೆ ಬಾಚತೊಡಗಿದಳು. ಇದಕ್ಕೆ ಸಮಾಧಾನದ ಮಾತಿಲ್ಲ ಎಂಬುದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಯಾರು ಇಳಿಸಿದರು ಎಂಬುದು ತಿಳಿಯದಿದ್ದರೆ ತಂಗಿ ಉಳಿಯುವುದಿಲ್ಲ. ಗುಬ್ಬಿ ಹೋದದ್ದಕ್ಕೆ ಅಳುವುದಕ್ಕೂ ಟೀಚರಮ್ಮನಿಗೆ ಬಿಡುವಿರಲಿಲ್ಲ. ಈ ಭಯ ಅಷ್ಟು ದೊಡ್ಡದಾಗಿತ್ತು.

ಅದಕ್ಕೇ ತಿರುಗಿ ತರಗತಿಗೆ ಹೋದಳು. ಅಕ್ಕಪಕ್ಕದವರು ಇವಳಿಗೆ ಕರುಳೇ ಇಲ್ಲವೆಂದು ಆಡಿಕೊಂಡರು, ಆಡಿಕೊಳ್ಳಲಿ ಎಂದು ಬಿಟ್ಟಳು. ಮೇಲ್ವಿಚಾರಕರು ತಲೆ ತಗ್ಗಿಸಿ ಕೂರುತ್ತಿದ್ದರು. ಒಬ್ಬೊಬ್ಬರನ್ನೇ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದಳು. ಒಬ್ಬ ಊಟಕ್ಕೆ ಹೋಗಿದ್ದೆ ಎಂದ, ಇನ್ನೊಬ್ಬ ರಜೆಯಲ್ಲಿದ್ದೆ ಎಂದ, ಬಾಯ್ಲರಿನವನು ಕೆಮ್ಮಿ ಬೇರೆ ಮಾತು ತೆಗೆದ. ತರಗತಿ ಮುಗಿದದ್ದೇ ಓಡಿಬಿಡುತ್ತಿದ್ದ ಅರ್ಜೆಂಟಣ್ಣ ಕೈಗೇ ಸಿಗುತ್ತಿರಲಿಲ್ಲ.

ಪರೀಕ್ಷೆ ಹತ್ತಿರ ಬಂತು. ಹೆದರಿದ ಗಂಡಸರು ತಾವಾಗಿಯೇ ಹಳೆಯ ಆಟ ಕೇಳಿದರು. ಟೀಚರಮ್ಮನಿಗೆ ಅದು ಬೇಡವಾಗಿತ್ತು. ಆದರೂ ಮೇಜು ಕುಟ್ಟಿದಳು. ಪಾಠ ಒಪ್ಪಿಸುವಾಗಲೂ ಅವಸರ ಬಿಡದ ಅರ್ಜೆಂಟಣ್ಣನ ಸರದಿ ಬಂತು. ಅವನು ಕಣ್ಣು ಮುಚ್ಚಿ, ಬೆರಳು ಮಡಿಸುತ್ತ, ಎಲ್ಲಿ ಮರೆತುಹೋಗುತ್ತದೋ ಎಂದು ಒಂದೇ ಉಸಿರಿಗೆ ಒದರತೊಡಗಿದ: ಐ ಹ್ಯಾಡ್ ದ ಪಂಪ್ ರಿಪೇರ್ಡ್. “ಯಾರ ಕೈ?” ಫಿಟ್ಟರ್! ಐ ಹ್ಯಾಡ್ ದ ವಾಲ್ ಪೇಂಟೆಡ್. “ಯಾರ ಕೈ?” ಪೇಂಟರ್ ಮಾವ! ಲಾಸ್ಟ್ ಮಂತ್ ಐ ಹ್ಯಾಡ್ ದ ಪಿಟ್ ಕ್ಲೀನ್ಡ್. “ಯಾರ ಕೈ?”

“ಗುಬ್ಬಿ!” ಎಂದು ಕೂಗಿದ ಬಾಯ್ಲರಿನವನು, ಅರ್ಧ ಎದ್ದು, ಗೆದ್ದ ಸಂಭ್ರಮದಲ್ಲಿ.

ಕೂಗಿದವನ ಕೈ ಮೇಲೆಯೇ ಉಳಿಯಿತು. ಹೋದ ತಿಂಗಳು ಆ ತೊಟ್ಟಿಗೆ ಮನುಷ್ಯ ಇಳಿದದ್ದು ಒಂದೇ ಸಲ, ಗುಬ್ಬಿ ಸತ್ತ ದಿನ. ಅರ್ಜೆಂಟಣ್ಣ ಕಣ್ಣು ತೆರೆದ. ಕೆಳಗೆ ಲಾರಿಯಿಂದ ರದ್ದಿಯ ಮೂಟೆ ಇಳಿಸುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಒಬ್ಬೊಬ್ಬರೇ, ಬೆಂಚು ಸರಿಸಿದ್ದೂ ತಿಳಿಯದ ಹಾಗೆ, ಎದ್ದು ಹೋದರು.

ಅವನು ಮಾತ್ರ ಬಾಗಿಲ ತನಕ ಹೋಗಿ ತಿರುಗಿ ಬಂದ. “ಮೇಡಂ, ಅದು ಸುಮ್ನೆ ಉದಾಹರಣೆ. ಬಾಯಿಗೆ ಬಂದಿದ್ದು ಹೇಳ್ದೆ.”

“ಮೂರು ತಿಂಗಳಿಂದ ನೋಡ್ತಿದೀನಿ. ಬಾಯಿಗೆ ಬಂದಿದ್ದನ್ನ ಹೇಳೋ ಅಷ್ಟು ಇಂಗ್ಲಿಷ್ ನಿಮಗೆ ಬರಲ್ಲ. ಕಲ್ಪನೆ ಅಂತೂ ಮೊದಲೇ ಇಲ್ಲ,” ಎಂದಳು ಟೀಚರಮ್ಮ. ಪುಸ್ತಕ ಮುಚ್ಚಿಟ್ಟಳು. “ನೋಡಿ, ನನಗೆ ಪೊಲೀಸ್ ಬೇಡ, ಕೋರ್ಟ್ ಬೇಡ. ನಮ್ಮ ಮನೆಗೆ ಬಂದು ನನ್ನ ತಂಗಿಗೆ ಒಂದು ಮಾತು ಹೇಳಿ, ಸಾಕು. ನಾನು ಇಳಿಸಿದೆ ಅಂತ.”

“ಅಯ್ಯೋ, ಏನ್ ಮಾತು ಅಂತ ಆಡ್ತೀರಿ ಮೇಡಂ! ಗುರುವಾರ ವಿಚಾರಣೆ ಇದೆ. ನನಗೂ ಮನೆ ಮಕ್ಕಳು ಅಂತ ಇಲ್ವಾ?”

“ಜಗಳ ಆಡಿ ಹೋಗಿದ್ದ ಅವತ್ತು. ತೊಟ್ಟೀಲೇ ಬಿದ್ಕೊಳ್ಳಿ ಅಂತ ಇವಳು ಬಾಯಿ ತಪ್ಪಿ ಅಂದಿದ್ಲು. ನನ್ನ ಮಾತು ಕೇಳಿ ಸಾಯಕ್ಕೇ ಇಳಿದ್ರು ಅಂತ ಕೂತಿದಾಳೆ. ಅನ್ನ ಬಿಟ್ಟಿದಾಳೆ.”

ಅವನ ಮುಖದಲ್ಲಿ ಏನೋ ಕಳಚಿ ಬಿದ್ದಂತಾಯಿತು. “ಹೊತ್ತಾಯ್ತು,” ಎಂದವನೇ ಮೆಟ್ಟಿಲಿಳಿದು ಹೊರಟುಹೋದ. ಆ ಬೆನ್ನನ್ನು ನೋಡುತ್ತ ಟೀಚರಮ್ಮನಿಗೆ ಅವನನ್ನು ಕೊಂದುಬಿಡುವಷ್ಟು ಸಿಟ್ಟು ಬಂತು.

ವಿಚಾರಣೆ ನಡೆದದ್ದು ಒಂದು ಸರ್ಕಾರಿ ಕಟ್ಟಡದ ಮಹಡಿಯಲ್ಲಿ. ಉದ್ದನೆಯ ಮೇಜು, ಕಿರುಗುಡುವ ಫ್ಯಾನು, ಬಾಗಿಲಿಲ್ಲದ ಬೀರು. ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ; ತಂಗಿಗೆ ನೀರು ತರಿಸಿಕೊಟ್ಟ, ಫ್ಯಾನಿನ ಕೆಳಗೆ ಕೂರಿಸಿದ. ಮ್ಯಾನೇಜರ್ ಹೇಳಿದ. ಅರ್ಜೆಂಟಣ್ಣ ಹೇಳಿದ. ಅವನು ಅವತ್ತು ಅವಸರ ಮಾಡಲಿಲ್ಲ, ಕಲಿತ ಪಾಠ ಒಪ್ಪಿಸುವವನ ಹಾಗೆ ಬಿಡಿಬಿಡಿಯಾಗಿ ಹೇಳಿದ: “ಯಾರೂ ಹೇಳಿರಲಿಲ್ಲ ಸಾರ್. ತಾನಾಗಿಯೇ ಇಳಿದ.”

ತಂಗಿ ತಲೆಯಾಡಿಸಿದಳು. ಹೌದೆನ್ನುವ ಹಾಗೆ.

ಟೀಚರಮ್ಮ ತಡೆಯಲಾರದೆ ಎದ್ದಳು. ತರಗತಿಯ ಆಟವನ್ನು, ಆ ವಾಕ್ಯವನ್ನು, ಬಾಯ್ಲರಿನವನ ಕೂಗನ್ನು ಹೇಳಿದಳು. ಹೇಳುತ್ತಿದ್ದಂತೆಯೇ ತನ್ನ ಮಾತು ಎಷ್ಟು ಪೊಳ್ಳಾಗಿದೆ ಎಂಬುದು ಅವಳಿಗೇ ಕೇಳಿಸಿತು.

“ಅಂದ್ರೆ, ಪಾಠದಲ್ಲಿ ಹೇಳಿದ ಉದಾಹರಣೇನಾ ಮೇಡಂ?” ಎಂದ ಅಧಿಕಾರಿ, ಮೃದುವಾಗಿಯೇ.

ಯಾರೋ ಕಿಸಕ್ಕೆಂದರು. ಬಾಯ್ಲರಿನವನನ್ನು ಕೇಳಿದರು. ಅವನು ತನ್ನ ಬೂಟು ನೋಡಿಕೊಂಡು, “ಎಲ್ರೂ ಕೂಗ್ತಿರ್ತೀವಿ ಸಾರ್, ನನಗೆ ನೆನಪಿಲ್ಲ,” ಎಂದ. ಅಲ್ಲಿಗೆ ಮುಗಿಯಿತು. ಇಂಗ್ಲಿಷ್ ತರಗತಿ ಇನ್ನು ಬೇಡವಂತೆ ಎಂದು ಆಳೊಬ್ಬ ಬಂದು ಸಂಜೆಗೇ ಹೇಳಿಹೋದ.

ತಂಗಿ ಮನೆಗೆ ಬಂದು, ಆ ದಿನದಿಂದ ಒಗೆಯದೆ ಹಾಗೇ ಬಿಟ್ಟಿದ್ದ ಹಾಸಿಗೆ ಬಟ್ಟೆಯ ಅಂಚಿನಲ್ಲಿ ಕೂತು, “ಎಲ್ರೂ ಹೇಳಿದ್ರಲ್ಲ ಅಕ್ಕಾ. ಇನ್ನೇನು ಬೇಕು ನಿನಗೆ?” ಎಂದಳು. ಟೀಚರಮ್ಮ ಅಡುಗೆಮನೆಯ ಚಾಕುಗಳನ್ನೆಲ್ಲ ತೆಗೆದು ತನ್ನ ಚೀಲದಲ್ಲಿ ಬಚ್ಚಿಟ್ಟಳು.

ಮರುದಿನ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಅರ್ಜೆಂಟಣ್ಣ. ಚಪ್ಪಲಿ ಬಿಡುವುದಕ್ಕೇ ಅವನಿಗೆ ಬಹಳ ಹೊತ್ತು ಹಿಡಿಯಿತು. ಕೂರಿ ಎಂದರೂ ಕೂರಲಿಲ್ಲ. ಗೋಡೆಗೆ ಒರಗಿ, ತಂಗಿಯ ಮುಖ ನೋಡಲಾರದೆ, ಅವಳ ಕಾಲ ಹತ್ತಿರದ ನೆಲಕ್ಕೆ ಹೇಳಿದ.

“ನಾನೇ ಇಳಿಸಿದ್ದು ಅಮ್ಮಾ. ಮೂರು ಗಂಟೆಗೆ ಮೆಷಿನ್ ಶುರು ಆಗ್ಬೇಕು ಅಂತ ಮ್ಯಾನೇಜರ್ ಫೋನ್ ಮೇಲೆ ಫೋನ್. ಅವರಿಗೆ ಯಜಮಾನ್ರ ಕಾಟ, ನನಗೆ ಅವರ ಕಾಟ. ಇಳಿಯಪ್ಪ ಅಂದೆ. ಬ್ಲೋವರ್ ಇಡೋಣ ಸಾರ್, ಒಂದು ಗಂಟೆ ಹೋಗ್ಲಿ ಅಂದ. ಯಾವಾಗ್ಲೂ ಹಾಗೇ ಅನ್ನೋನು, ಯಾರು ಏನಂದ್ರೂ ಬಗ್ಗೋನಲ್ಲ.”

“ಮತ್ತೆ?” ಎಂದಳು ತಂಗಿ. ವಾರಗಳ ಮೇಲೆ ಅವಳು ತಾನಾಗಿ ಕೇಳಿದ ಮೊದಲ ಮಾತು ಅದು.

“ಆಸೆ ತೋರಿಸ್ದೆ ಅಮ್ಮಾ. ಈಗಲೇ ಮುಗಿಸಿದ್ರೆ ಎರಡು ಗಂಟೆಗೆ ಮನೆಗೆ ಹೋಗು, ಗೇಟಲ್ಲಿ ನಾನು ಹೇಳಿರ್ತೀನಿ ಅಂದೆ. ಅದಕ್ಕವನು, ‘ಬೆಳಿಗ್ಗೆ ಮನೇಲಿ ಚೆನ್ನಾಗಿ ಬೈಸ್ಕೊಂಡು ಬಂದಿದೀನಿ ಸಾರ್. ಅವಳು ಮಧ್ಯಾಹ್ನದ ನಿದ್ದೆಯಿಂದ ಏಳೋದ್ರೊಳಗೆ ಹೋಗಿ, ಸೋಪು ಹಾಕಿ ಸ್ನಾನ ಮಾಡಿ, ಶುದ್ಧವಾಗಿ ಕೂತ್ಬಿಡ್ತೀನಿ’ ಅಂತ ನಕ್ಕ. ಇಳಿದ.”

“ನಕ್ಕರಾ?”

“ನಕ್ಕ ಅಮ್ಮಾ.”

ಅವನು ಅಳುತ್ತಿದ್ದ. ಟೀಚರಮ್ಮನಿಗೆ ಅವನ ಮೇಲೆ ಕರುಣೆ ಹುಟ್ಟಲಿಲ್ಲ, ಹುಟ್ಟಬೇಕೆಂದೂ ಅನ್ನಿಸಲಿಲ್ಲ. “ಇದನ್ನ ಅಲ್ಲಿ ಬಂದು ಹೇಳ್ತೀರಾ?” ಎಂದಳು.

“ಇಲ್ಲ ಮೇಡಂ. ಅಲ್ಲಿ ಆಗಲ್ಲ,” ಎಂದು ಕಣ್ಣೊರೆಸಿಕೊಂಡ. ಬಾಗಿಲು ದಾಟಿದ ಮೇಲೆ ಅವನ ಹೆಜ್ಜೆ ಮತ್ತೆ ಚುರುಕಾದದ್ದು ಕೇಳಿಸಿತು.

ಟೀಚರಮ್ಮ ತಂಗಿಯ ಪಕ್ಕ ಕೂತು ಅವಳ ತಲೆಯನ್ನು ಎದೆಗೆ ಒರಗಿಸಿಕೊಂಡಳು. “ಕೇಳಿದೆ ತಾನೆ? ನೀನಲ್ಲ. ನಿನ್ನ ಮಾತಿಗೆ ಅಲ್ಲ ಅವನು ಹೋಗಿದ್ದು. ಕೇಳಿಸ್ತಾ?”

ತಂಗಿ ಬಿಡಿಸಿಕೊಂಡು ಎದ್ದಳು. ಬಾಗಿಲ ಹತ್ತಿರ ಹೋಗಿ ಚಿಲಕದ ಮೇಲೆ ಕೈಯಿಟ್ಟು ನಿಂತಳು.

“ಎರಡು ಗಂಟೆಗೆ ಬಂದುಬಿಡ್ತಿದ್ರಲ್ಲ ಅಕ್ಕಾ.”

“ಹೂಂ.”

“ಅವತ್ತು ನಾನು ಊಟ ಆದ ಮೇಲೆ ಚಿಲಕ ಹಾಕ್ಕೊಂಡು ಕೂತಿದ್ದೆ. ಇನ್ನೂ ಸಿಟ್ಟಿತ್ತು ನನಗೆ.” ಚಿಲಕವನ್ನು ಮೇಲೆ ಎತ್ತಿ, ಸದ್ದಾಗದಂತೆ ಕೆಳಗಿಳಿಸಿದಳು. “ಆದ್ರೂ ತೆಗೀತಿದ್ದೆ. ಸ್ವಲ್ಪ ಹೊತ್ತು ಬಾಗಿಲು ತಟ್ಟಿಸಿ ಆಮೇಲೆ ತೆಗೀತಿದ್ದೆ ಅಕ್ಕಾ.”